ದಾವಣಗೆರೆಯ ಅಂಚಿನ ಬಡಾವಣೆಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಆರಿಸುವವರಿಗೆ: ಮೂರು ಶಾಲೆ ಅಕ್ಕಪಕ್ಕ ಇಟ್ಟು ನೋಡುವ ಕ್ರಮ

ಪ್ರತಿ ವರ್ಷ ಆಗುವುದು ಇದೇ. ಜೂನ್ ಮೊದಲ ವಾರ ಅಪ್ಪ ಅಮ್ಮ ಮಗುವನ್ನು ಕರೆದುಕೊಂಡು ಹೊರಡುತ್ತಾರೆ. ಹೊಸ ಬಣ್ಣ ಬಳಿದ ಗೋಡೆ ಕಾಣುತ್ತದೆ. "ಇಂಗ್ಲಿಷ್ ಮೀಡಿಯಂ ಇದೆಯಾ?" ಎಂದು ಕೇಳುತ್ತಾರೆ, ಇದೆ ಎಂದರೆ ಅಲ್ಲೇ ಅರ್ಜಿಗೆ ಸಹಿ. ದಸರಾ ರಜೆ ಹೊತ್ತಿಗೆ ಟಿಸಿಗಾಗಿ ಓಡಾಟ ಶುರು. ಆವರಗೆರೆ, ಶಾಮನೂರು, ನಿಟುವಳ್ಳಿ, ಕುಂದುವಾಡ, ದೊಡ್ಡಬಾತಿ ಕಡೆ ಮನೆ ಮಾಡಿದವರಿಗೆ ನಡೆದು ಹೋಗುವ ದೂರದಲ್ಲಿ ಎರಡು ಮೂರು ಸರ್ಕಾರಿ ಶಾಲೆ ಸಿಗುವುದುಂಟು. ಆದರೂ ತಪ್ಪುವುದೇಕೆಂದರೆ, ಕೊನೆಗೆ ನೋಡಬೇಕಾದ್ದನ್ನು ಮೊದಲು ನೋಡುತ್ತಾರೆ, ಮೊದಲು ನೋಡಬೇಕಾದ್ದನ್ನು ನೋಡುವುದೇ ಇಲ್ಲ.

ಮೊದಲು ನೋಡಬೇಕಾದ್ದು ಎರಡೇ. ನಿಮ್ಮ ಮಗುವಿನ ಮುಂದೆ ದಿನಾ ನಿಲ್ಲುವ ಶಿಕ್ಷಕರು ಯಾರು, ಎಷ್ಟು ಜನ? ಆ ಶಾಲೆಯ ಮೂರನೇ ತರಗತಿ ಮಗು ಕನ್ನಡ ಓದುತ್ತದೆಯೇ? ಉಳಿದದ್ದೆಲ್ಲ ಇವೆರಡರ ನಂತರ.

1. ಯಾವಾಗ ಶುರು ಮಾಡಬೇಕು, ಏನು ಜೊತೆಗಿರಬೇಕು

ಮಗುವನ್ನು ಮುಂದಿನ ಜೂನ್‌ಗೆ ಸೇರಿಸುವುದಾದರೆ ಈ ನವೆಂಬರ್‌ನಿಂದ ಜನವರಿಯೊಳಗೆ ಶಾಲೆ ನೋಡಿ ಮುಗಿಸಿ. ಆಗ ದಸರಾ ರಜೆ ಮುಗಿದಿರುತ್ತದೆ, ವಾರ್ಷಿಕ ಪರೀಕ್ಷೆಯ ಗಡಿಬಿಡಿ ಇನ್ನೂ ಬಂದಿರುವುದಿಲ್ಲ, ಪಾಠ ತನ್ನ ನಿಜವಾದ ವೇಗದಲ್ಲಿ ನಡೆಯುತ್ತಿರುತ್ತದೆ. ಜೂನ್‌ನಲ್ಲಿ ಹೋದರೆ ಕಾಣುವುದು ದಾಖಲಾತಿ ಮತ್ತು ಪುಸ್ತಕ ವಿತರಣೆ ಮಾತ್ರ. ಶನಿವಾರ ಬೆಳಗಿನ ತರಗತಿ, ಬೇಗ ಬಿಡುತ್ತಾರೆ. ಅವತ್ತು ಬೇಡ. ಚುನಾವಣೆ, ಜನಗಣತಿ, ಶಿಕ್ಷಕರ ತರಬೇತಿ ನಡೆಯುವ ದಿನಗಳೂ ಬೇಡ. ಅಂಥ ದಿನ ಒಳ್ಳೆಯ ಶಾಲೆಯೂ ಖಾಲಿ ಕಾಣುತ್ತದೆ.

ಬೇಕಾಗುವ ಸಾಮಾನು ಕಡಿಮೆ: ನೂರು ಪುಟದ ಒಂದು ನೋಟ್‌ಬುಕ್, ಶಾಲೆಗೆ ನಾಲ್ಕು ಪುಟದಂತೆ ಗೆರೆ ಹಾಕಿದ್ದು, ನೆಟ್ ಇರುವ ಫೋನ್, ದೊಡ್ಡ ಅಕ್ಷರದಲ್ಲಿ ಬರೆದ ಆರು ಸಾಲಿನ ಓದುವ ಚೀಟಿ (6ನೇ ಹಂತದಲ್ಲಿ ಹೇಳಿದೆ). ಒಂದು ಶಾಲೆಗೆ ಎರಡು ಅರ್ಧ ದಿನ ಎತ್ತಿಡಿ. ಮೂರಕ್ಕಿಂತ ಹೆಚ್ಚು ಶಾಲೆ ಪಟ್ಟಿಗೆ ಹಾಕಬೇಡಿ, ಯಾವುದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ.

2. ಪಟ್ಟಿ ಮಾಡುವುದು, ದಾರಿ ನಡೆಯುವುದು

ಶಿಕ್ಷಣ ಹಕ್ಕು ಕಾಯ್ದೆಯಡಿ ರಾಜ್ಯ ಮಾಡಿಕೊಂಡ ನಿಯಮದಂತೆ 1ರಿಂದ 5ನೇ ತರಗತಿಗೆ ನೆರೆಹೊರೆ ಎಂದರೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್. ಈ ವೃತ್ತದೊಳಗೆ ಬರುವ ಸರ್ಕಾರಿ ಶಾಲೆಗಳನ್ನು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಮೂರು ವಿಷಯ: ಕಿರಿಯ ಪ್ರಾಥಮಿಕವೋ (5ನೇ ತರಗತಿವರೆಗೆ), ಹಿರಿಯ ಪ್ರಾಥಮಿಕವೋ (7 ಅಥವಾ 8ರವರೆಗೆ), ಕರ್ನಾಟಕ ಪಬ್ಲಿಕ್ ಶಾಲೆಯೋ (ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಕಡೆ ಇರುವುದು); ಮಾಧ್ಯಮ ಕನ್ನಡವೋ, ಉರ್ದುವೋ, ದ್ವಿಭಾಷೆಯೋ; ದಾವಣಗೆರೆ ಉತ್ತರ ವಲಯವೋ, ದಕ್ಷಿಣ ವಲಯವೋ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ವಲಯಕ್ಕೊಂದು. ಈ ಕೊನೆಯದನ್ನು ಬರೆದಿಡದವರು ಆಮೇಲೆ ತಪ್ಪು ಕಚೇರಿಯ ಬಾಗಿಲಲ್ಲಿ ಅರ್ಧ ದಿನ ಕಳೆಯುತ್ತಾರೆ.

ಕಿರಿಯ ಪ್ರಾಥಮಿಕವಾದರೆ 5ನೇ ತರಗತಿಯ ನಂತರ ಮಗು ಯಾವ ಶಾಲೆಗೆ ಹೋಗಬೇಕು, ಅದೆಷ್ಟು ದೂರ ಎನ್ನುವುದನ್ನೂ ಈಗಲೇ ಬರೆಯಿರಿ.

ಆಮೇಲೆ ದಾರಿ. ನಕ್ಷೆಯಲ್ಲಿ ಅಳೆಯಬೇಡಿ, ಮಗುವಿನ ಕೈ ಹಿಡಿದು ಶಾಲೆ ಶುರುವಾಗುವ ಹೊತ್ತಿಗೆ ಒಮ್ಮೆ ನಡೆಯಿರಿ. ಊರನ್ನು ರೈಲು ಹಳಿ ಸೀಳುತ್ತದೆ, ಪಿ.ಬಿ. ರಸ್ತೆ ಇದೆ, ಹೊರಗೆ ಹೆದ್ದಾರಿ 48 ಮತ್ತು ಅದರ ಸರ್ವೀಸ್ ರಸ್ತೆ. ಭದ್ರಾ ನಾಲೆ ಹಾದುಹೋಗುವ ಬಡಾವಣೆಗಳಲ್ಲಿ ತಡೆಗೋಡೆ ಇಲ್ಲದ ದಂಡೆಯ ಮೇಲೆ ಮಕ್ಕಳು ನಡೆಯಬೇಕಾಗುತ್ತದೆಯೇ ಎನ್ನುವುದನ್ನು ಕಣ್ಣಾರೆ ನೋಡಿ. ನಾಲೆ ಒಣಗಿರುವಾಗ ನೋಡಿ ಸಮಾಧಾನ ಪಡಬೇಡಿ, ನೀರು ಬಿಟ್ಟಾಗಲೂ ಶಾಲೆ ನಡೆಯುತ್ತದೆ. ಏಳು ವರ್ಷದ ಮಗು ದೊಡ್ಡವರ ಜೊತೆಯಿಲ್ಲದೆ ದಾಟಲಾಗದ ದಾರಿ ಇದ್ದು, ನಿಮ್ಮ ಮನೆಯಲ್ಲಿ ದಿನಾ ಬಿಡಲು ಕರೆತರಲು ಜನ ಇಲ್ಲದಿದ್ದರೆ ಆ ಶಾಲೆಯನ್ನು ಇಲ್ಲೇ ಹೊಡೆದುಹಾಕಿ.

3. ಯು-ಡೈಸ್ ಅಂಕಿ ತೆಗೆದುಕೊಳ್ಳುವುದು

ಯು-ಡೈಸ್ ಎಂದರೆ ದೇಶದ ಶಾಲೆಗಳ ಸರ್ಕಾರಿ ಮಾಹಿತಿ ಕೋಶ. ಅದರಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯ (ಕರ್ನಾಟಕ 29), ನಂತರದ ಎರಡು ಜಿಲ್ಲೆ (ದಾವಣಗೆರೆ 14, ಚಿತ್ರದುರ್ಗ 13). ಹಾಗಾಗಿ ನಮ್ಮ ಜಿಲ್ಲೆಯ ಸಂಖ್ಯೆ 2914 ಎಂದೇ ಶುರುವಾಗಬೇಕು. ಒಂದೇ ಹೆಸರಿನ ಬಡಾವಣೆ, ಒಂದೇ ಹೆಸರಿನ ಶಾಲೆ ಬೇರೆ ಜಿಲ್ಲೆಗಳಲ್ಲೂ ಇರುವುದರಿಂದ ಹೆಸರಿನಿಂದ ಹುಡುಕಿ ಮೋಸ ಹೋಗುವವರು ಬಹಳ. ಸಂಖ್ಯೆ ಸಾಮಾನ್ಯವಾಗಿ ಶಾಲೆಯ ಫಲಕದ ಮೇಲೇ ಬರೆದಿರುತ್ತದೆ, ಇಲ್ಲದಿದ್ದರೆ ಮುಖ್ಯ ಶಿಕ್ಷಕರನ್ನು ಕೇಳಿ.

ಯು-ಡೈಸ್ ಪ್ಲಸ್ ಜಾಲತಾಣದ 'ನೋ ಯುವರ್ ಸ್ಕೂಲ್' ಭಾಗದಲ್ಲಿ ಆ ಸಂಖ್ಯೆ ಹಾಕಿದರೆ ಶಾಲೆಯ ವರದಿ ಬರುತ್ತದೆ. ಅದರಲ್ಲಿ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ ಇಷ್ಟನ್ನು ಬರೆದುಕೊಂಡರೆ ಸಾಕು. ಸಿಗುವುದಾದರೆ ಹಿಂದಿನ ಎರಡು ವರ್ಷದ್ದನ್ನೂ ತೆಗೆಯಿರಿ.

ಅಂಕಿಯನ್ನು ಓರೆಯಾಗಿ ಓದಿ. ಕಳೆದ ವರ್ಷ 2ನೇ ತರಗತಿಯಲ್ಲಿ 24 ಮಕ್ಕಳಿದ್ದು ಈ ವರ್ಷ 3ರಲ್ಲಿ 23 ಇದ್ದರೆ ಮಕ್ಕಳು ಉಳಿದುಕೊಂಡಿದ್ದಾರೆ ಎಂದರ್ಥ. 24 ಇದ್ದದ್ದು 15ಕ್ಕೆ ಇಳಿದಿದ್ದರೆ ಕೇಳಲೇಬೇಕು. ದುಡಿಮೆಗೆ ಬಂದ ಕುಟುಂಬಗಳು ಹೆಚ್ಚಿರುವ ಬಡಾವಣೆಯಾದರೆ ಕಾರಣ ಅಲ್ಲಿರಬಹುದು. ಹಾಗಿಲ್ಲದೆ ಎರಡು ವರ್ಷವೂ ಒಂದೇ ತರಗತಿಯಲ್ಲಿ ಮಕ್ಕಳು ಬಿಟ್ಟು ಹೋಗಿದ್ದರೆ ಆ ತರಗತಿಯಲ್ಲೇ ಏನೋ ತೊಂದರೆಯಿದೆ. ಒಟ್ಟು ಸಂಖ್ಯೆ ಮಾತ್ರ ನೋಡುವವರಿಗೆ ಇದು ಯಾವತ್ತೂ ಕಾಣುವುದಿಲ್ಲ.

ಎಚ್ಚರ: ಈ ಅಂಕಿಗಳನ್ನು ತುಂಬುವುದು ಶಾಲೆಯೇ, ಅದೂ ವರ್ಷಕ್ಕೊಮ್ಮೆ. ನಡುವೆ ವರ್ಗಾವಣೆ ಆಗಿರುತ್ತದೆ. ಇದನ್ನು ತೀರ್ಪು ಎಂದುಕೊಳ್ಳಬೇಡಿ, ಶಾಲೆಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಎಂದುಕೊಳ್ಳಿ.

4. ಶಿಕ್ಷಕರ ನಿಜವಾದ ಲೆಕ್ಕ

ಈ ಹಂತ ತಪ್ಪಿದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ನಿಧಾನವಾಗಿ ಮಾಡಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5 ಇರಬೇಕು. 150 ದಾಟಿದರೆ ಮುಖ್ಯ ಶಿಕ್ಷಕರು ಇವರ ಲೆಕ್ಕಕ್ಕೆ ಸೇರದೆ ಪ್ರತ್ಯೇಕವಾಗಿರಬೇಕು. 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು, ಮತ್ತು ವಿಜ್ಞಾನ-ಗಣಿತ, ಸಮಾಜ ವಿಜ್ಞಾನ, ಭಾಷೆ ಈ ಮೂರಕ್ಕೂ ಒಬ್ಬೊಬ್ಬರು.

ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಶಾಲೆಯ ಹಲಗೆಯ ಮೇಲೆ ಬರೆದ ಶಿಕ್ಷಕರ ಹೆಸರುಗಳಿಂದ ಇವರನ್ನು ಕಳೆಯಿರಿ: ಬೇರೆ ಶಾಲೆಗೋ ಕಚೇರಿಗೋ ನಿಯೋಜನೆ ಮೇಲೆ ಹೋದವರು, ದೀರ್ಘ ರಜೆಯಲ್ಲಿರುವವರು, ವಿಷಯ ಪಾಠ ಮಾಡದ ದೈಹಿಕ ಶಿಕ್ಷಕರು, ಕಚೇರಿ ಕೆಲಸದಲ್ಲೇ ದಿನ ಕಳೆಯಬೇಕಾದ ಮುಖ್ಯ ಶಿಕ್ಷಕರು. ಅತಿಥಿ ಶಿಕ್ಷಕರನ್ನು ಸೇರಿಸಿ, ಆದರೆ ಅವರು ಈ ವರ್ಷ ಯಾವ ತಿಂಗಳಲ್ಲಿ ಬಂದರು ಎಂದು ಕೇಳಿ. ಜೂನ್‌ನಲ್ಲಿ ಬರುವುದಕ್ಕೂ ಆಗಸ್ಟ್‌ನಲ್ಲಿ ಬರುವುದಕ್ಕೂ ಒಂದನೇ ತರಗತಿ ಮಗುವಿನ ಮಟ್ಟಿಗೆ ಬಹಳ ವ್ಯತ್ಯಾಸ.

ಒಂದು ಲೆಕ್ಕ ಮಾಡಿ ನೋಡೋಣ. ಮೊದಲ ಶಾಲೆ 1ರಿಂದ 7ರವರೆಗೆ, 168 ಮಕ್ಕಳು, ಹಲಗೆಯಲ್ಲಿ 6 ಹೆಸರು. 168 ಭಾಗಿಸು 6 ಎಂದರೆ 28, ಚೆನ್ನಾಗಿದೆ. ಮುಖ್ಯ ಶಿಕ್ಷಕರು, ದೈಹಿಕ ಶಿಕ್ಷಕರು, ನಿಯೋಜನೆಯಲ್ಲಿರುವ ಒಬ್ಬರು ಕಳೆದರೆ ಉಳಿದದ್ದು 3. ಈಗ ಒಬ್ಬರಿಗೆ 56 ಮಕ್ಕಳು, ಏಳು ತರಗತಿಗೆ ಮೂರು ಜನ. ಎರಡನೆಯದು 5ರವರೆಗಿನ ಚಿಕ್ಕ ಶಾಲೆ, 42 ಮಕ್ಕಳು, ಇಬ್ಬರು ಶಿಕ್ಷಕರು, ಇಬ್ಬರೂ ಪಾಠ ಮಾಡುವವರು. ಒಬ್ಬರಿಗೆ 21. ಜನ "ಅದು ಸಣ್ಣ ಶಾಲೆ, ಮುಚ್ಚಿಹೋಗುತ್ತೆ" ಎಂದು ದೊಡ್ಡದಕ್ಕೆ ಹೋಗುತ್ತಾರೆ. ಮೊದಲ ಮೂರು ವರ್ಷದ ಓದಿಗೆ ಎರಡನೆಯದೇ ಮೇಲು. ಅದರ ದೌರ್ಬಲ್ಯ ಬೇರೆ ಕಡೆ ಇದೆ: ಒಬ್ಬರು ರಜೆ ಹಾಕಿದರೆ ಅಥವಾ ಮೀಟಿಂಗಿಗೆ ಹೋದರೆ 42 ಮಕ್ಕಳೂ ಇನ್ನೊಬ್ಬರ ಪಾಲು. ಹಾಗಾಗಿ ಅಲ್ಲಿ ಕೇಳಬೇಕಾದ ಪ್ರಶ್ನೆ, "ಒಬ್ಬರು ಇಲ್ಲದ ದಿನ ಏನು ಮಾಡುತ್ತೀರಿ?" ಮಕ್ಕಳನ್ನು ಹೇಗೆ ಕೂರಿಸುತ್ತೇವೆ, ಏನು ಕೊಡುತ್ತೇವೆ ಎಂದು ಬಿಡಿಸಿ ಹೇಳಿದರೆ ಒಳ್ಳೆಯ ಸೂಚನೆ. "ಹೇಗೋ ಆಗುತ್ತೆ" ಎಂಬ ಉತ್ತರ ಒಳ್ಳೆಯದಲ್ಲ.

ಇನ್ನೊಂದು ಪ್ರಶ್ನೆ ಬಿಡಬೇಡಿ: "ಮುಂದಿನ ವರ್ಷ ಒಂದನೇ ತರಗತಿಗೆ ಯಾರು?" ಆ ಶಿಕ್ಷಕರು ಶಾಲೆಗೆ ಬಂದು ಎಷ್ಟು ವರ್ಷವಾಯಿತು, ವರ್ಗಾವಣೆಗೆ ಅರ್ಜಿ ಹಾಕಿದ್ದಾರೆಯೇ? ಎರಡನೆಯದನ್ನು ನೇರವಾಗಿ ಕೇಳುವುದು ಸಂಕೋಚವಾದರೆ ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ. ಕ್ಲಸ್ಟರಿನ, ಅಂದರೆ ಹತ್ತಿರದ ಶಾಲೆಗಳ ಗುಂಪಿನ, ಪ್ರತಿ ಶಾಲೆಗೂ ಹೋಗಿ ಬರುವವರು ಅವರೇ. "ಯಾವ ಶಾಲೆ ಚೆನ್ನಾಗಿದೆ" ಎಂದರೆ ಅವರು ಉತ್ತರಿಸಲಾರರು. "ಈ ಮೂರರಲ್ಲಿ ನಲಿ-ಕಲಿ ಎಲ್ಲಿ ಚೆನ್ನಾಗಿ ನಡೆಯುತ್ತಿದೆ" ಎಂದು ಕೇಳಿ, ಹೇಳುತ್ತಾರೆ. ನಲಿ-ಕಲಿ ಎಂದರೆ 1ರಿಂದ 3ನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆ.

5. ಶಾಲೆಯ ಒಳಗೆ: ನಲಿ-ಕಲಿ ಕೊಠಡಿ

ಮುಖ್ಯ ಶಿಕ್ಷಕರ ಅನುಮತಿ ಪಡೆದೇ ಒಳಗೆ ಹೋಗಿ. ಮಗುವನ್ನು ಸೇರಿಸಲು ಬಂದಿದ್ದೇವೆ, ಅರ್ಧ ಗಂಟೆ ಹಿಂದೆ ಕೂತು ನೋಡಬಹುದೇ ಎಂದು ಕೇಳಿದರೆ ಬಹುತೇಕರು ಒಪ್ಪುತ್ತಾರೆ. ಫೋಟೋ, ವಿಡಿಯೋ ಬೇಡವೇ ಬೇಡ. ಮೊದಲ ಭೇಟಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಎರಡನೆಯದು ಬೇರೊಂದು ವಾರ ಊಟದ ನಂತರ. ಮಧ್ಯಾಹ್ನದ ಮೇಲೆ ಪಾಠ ನಡೆಯುವ ಶಾಲೆಗೂ ಬರೀ ಹೊತ್ತು ಕಳೆಯುವ ಶಾಲೆಗೂ ವ್ಯತ್ಯಾಸ ಎರಡೂವರೆ ಗಂಟೆಗೆ ಹೋದವರಿಗೆ ಗೊತ್ತಾಗುತ್ತದೆ.

ನಲಿ-ಕಲಿ ನಡೆಯುವ ಶಾಲೆಯಲ್ಲಿ 1, 2, 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತಿರುತ್ತಾರೆ. ಹೊಸಬರಿಗೆ ಇದು ಗದ್ದಲದಂತೆ ಕಾಣುತ್ತದೆ, "ಮೂರು ಕ್ಲಾಸ್ ಒಟ್ಟಿಗೆ ತುಂಬಿದ್ದಾರೆ" ಎಂದು ಹಿಂದೆ ಸರಿಯುತ್ತಾರೆ. ಪದ್ಧತಿಯೇ ಹಾಗೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಮೆಟ್ಟಿಲಿನಂತೆ ತೋರಿಸುವ ಚಾರ್ಟ್) ತಾನಿರುವ ಮೆಟ್ಟಿಲು ನೋಡಿ, ಆ ಚಿಹ್ನೆಯ ಕಾರ್ಡ್ ತೆಗೆದುಕೊಂಡು, ಗುಂಪಿನ ಗುರುತಾದ ತನ್ನ ತಟ್ಟೆಯ ಬಳಿ ಹೋಗಿ ಕೂರುತ್ತದೆ. ಶಿಕ್ಷಕರು ಹೊಸ ಅಂಶ ಕಲಿಸುವ ಗುಂಪಿನ ಜೊತೆ ಇರುತ್ತಾರೆ, ಉಳಿದವರು ಗೆಳೆಯರ ಸಹಾಯದಿಂದ ಅಥವಾ ತಾವೇ ಅಭ್ಯಾಸ ಮಾಡುತ್ತಿರುತ್ತಾರೆ.

ಅದು ನಿಜವಾಗಿ ನಡೆಯುತ್ತಿದೆಯೇ ಎನ್ನಲು ಕಾರ್ಡ್‌ಗಳ ಅಂಚು ನೋಡಿ. ಮೂಲೆ ಸವೆದು, ಕೈಯ ಕೊಳೆ ಹಿಡಿದು, ಅಲ್ಲಲ್ಲಿ ಟೇಪ್ ಅಂಟಿಸಿದ ಕಾರ್ಡ್ ಬಳಕೆಯಲ್ಲಿದೆ. ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಜೋಡಿಸಿಟ್ಟ, ಮೂಲೆ ಚೂಪಾಗಿರುವ ಕಾರ್ಡ್ ಅಧಿಕಾರಿಗಳು ಬಂದಾಗ ಮಾತ್ರ ಹೊರಬರುತ್ತದೆ. ಏಣಿಯ ಚಾರ್ಟ್ ಮಗುವಿನ ಕಣ್ಣಿನ ಎತ್ತರಕ್ಕಿದೆಯೇ, ಸೂರಿನ ಹತ್ತಿರ ಇದೆಯೇ? ಗೋಡೆಯ ಕೆಳಗೆ ಮಕ್ಕಳಿಗಾಗಿ ಬಳಿದ ಕಪ್ಪುಹಲಗೆಯಲ್ಲಿ ಸೀಮೆಸುಣ್ಣದ ಗುರುತಿದೆಯೇ? ಕೋಣೆಯಲ್ಲಿ ತಲೆಯ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ತೂಗುಬಿಟ್ಟ ಮಕ್ಕಳ ಚಿತ್ರಗಳು ಈ ತಿಂಗಳದ್ದೋ, ಬಿಸಿಲಿಗೆ ಬಿಳುಚಿದವೋ? ಕೊನೆಗೆ 'ಪ್ರಗತಿ ನೋಟ' (ಪ್ರತಿ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಗುರುತು ಹಾಕುವ ದಾಖಲೆ) ತೋರಿಸಲು ಕೇಳಿ, ಕೊನೆಯ ಗುರುತು ಯಾವ ವಾರದ್ದೆಂದು ನೋಡಿ.

ಇಡೀ ಅರ್ಧ ಗಂಟೆ ಎಲ್ಲ ಮಕ್ಕಳೂ ಒಟ್ಟಾಗಿ ಒಂದೇ ಮಗ್ಗಿ ಕೂಗುತ್ತಿದ್ದರೆ, ಅಥವಾ ಎಲ್ಲರೂ ಹಲಗೆ ನೋಡಿ ನಕಲು ಬರೆಯುತ್ತಿದ್ದರೆ, ಆ ಕೋಣೆಯಲ್ಲಿ ನಲಿ-ಕಲಿ ಹೆಸರಿಗಷ್ಟೇ. ನಿಶ್ಶಬ್ದವನ್ನು ಶಿಸ್ತು ಎಂದುಕೊಳ್ಳುವುದು ಪೋಷಕರು ಮಾಡುವ ದೊಡ್ಡ ತಪ್ಪು.

ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ, ಕೋಣೆಯಲ್ಲಿ ಎಷ್ಟು ತಲೆ ಇದೆ ಎಂದು ಎರಡೂ ಭೇಟಿಯಲ್ಲಿ ಎಣಿಸಿ ಬರೆದುಕೊಳ್ಳಿ. ಎರಡೂ ಬಾರಿ ಕಾಲುಭಾಗ ಮಕ್ಕಳು ಇಲ್ಲದಿದ್ದರೆ ಕಾರಣ ಕೇಳಿ.

6. ಮೂರನೇ ತರಗತಿ ಮಗು ಓದುವುದನ್ನು ಕೇಳುವುದು

ಶಾಲೆಯ ಕೆಲಸ ತಿಳಿಯಲು ಇದಕ್ಕಿಂತ ನೇರವಾದ ದಾರಿ ಇಲ್ಲ. ನೀವೇ ಮಕ್ಕಳನ್ನು ಕರೆದು ಪರೀಕ್ಷೆ ಮಾಡಬೇಡಿ. "ಮೂರನೇ ತರಗತಿಯ ಮೂರು ನಾಲ್ಕು ಮಕ್ಕಳಿಂದ ಒಂದು ಪ್ಯಾರಾ ಓದಿಸುತ್ತೀರಾ?" ಎಂದು ಶಿಕ್ಷಕರನ್ನು ಕೇಳಿ. ಅವರು ಮುಂದಿನ ಸಾಲಿನ ಜಾಣರನ್ನೇ ಎಬ್ಬಿಸುವುದು ಸಹಜ. ನಡುವಿನ ಗುಂಪಿನಿಂದಲೂ ಇಬ್ಬರು ಓದಲಿ ಎಂದು ಮೃದುವಾಗಿ ಹೇಳಿ.

ಪಠ್ಯಪುಸ್ತಕದ ಪಾಠ ಬೇಡ. ಬಾಯಿಪಾಠ ಆಗಿರುತ್ತದೆ, ಬೆರಳು ಒಂದು ಕಡೆ ಇದ್ದರೆ ಮಾತು ಇನ್ನೊಂದು ಕಡೆ ಓಡುತ್ತದೆ. ಅದಕ್ಕೇ ಚೀಟಿ. ಹೀಗೆ ಬರೆದುಕೊಳ್ಳಿ:

"ಅಜ್ಜಿ ಅಂಗಳದಲ್ಲಿ ಮೆಕ್ಕೆಜೋಳ ಒಣಗಲು ಹಾಕಿದಳು.
ಕೋಳಿಗಳು ಬಂದು ತಿನ್ನತೊಡಗಿದವು.
ಪುಟ್ಟಿ ಕೋಲು ಹಿಡಿದು ಓಡಿಸಿದಳು.
ಅಷ್ಟರಲ್ಲಿ ಮಳೆ ಬಂತು.
ಎಲ್ಲರೂ ಸೇರಿ ಜೋಳ ಒಳಗೆ ತಂದರು.
ಅಜ್ಜಿ ಪುಟ್ಟಿಗೆ ಮಂಡಕ್ಕಿ ಕೊಟ್ಟಳು."

ಗಮನ ಒತ್ತಕ್ಷರದ ಮೇಲೆ ಇರಲಿ. 'ಅಜ್ಜಿ'ಯನ್ನು 'ಅಜಿ' ಎಂದೂ, 'ಪುಟ್ಟಿ'ಯನ್ನು 'ಪುಟಿ' ಎಂದೂ ಓದುವ ಮಗುವಿಗೆ ಮೂಲಾಕ್ಷರ ಬಂದಿದೆ, ಒತ್ತು ಬಂದಿಲ್ಲ. ಮೂರನೇ ತರಗತಿಯ ನವೆಂಬರ್‌ನಲ್ಲಿ ಒಬ್ಬರಿಬ್ಬರು ಹೀಗಿದ್ದರೆ ಚಿಂತೆಯಿಲ್ಲ, ಎಲ್ಲರೂ ಹೀಗೇ ಇದ್ದರೆ ಎರಡನೇ ತರಗತಿಯ ಕೆಲಸ ಬಾಕಿ ಉಳಿದಿದೆ. ಅಕ್ಷರ ಬಿಡಿಬಿಡಿಯಾಗಿ ಹೇಳಿ ಪದ ಕೂಡಿಸಲಾಗದಿದ್ದರೆ ಇನ್ನೂ ಹಿಂದೆ. ಓದಿದ ಮೇಲೆ "ಕೋಳಿಗಳನ್ನು ಓಡಿಸಿದ್ದು ಯಾರು?" ಎಂದು ಶಿಕ್ಷಕರೇ ಕೇಳಲಿ. ಸರಾಗವಾಗಿ ಓದಿಯೂ ಉತ್ತರ ಬಾರದಿದ್ದರೆ ಅಲ್ಲಿ ಓದು ಬರೀ ಉಚ್ಚಾರಣೆ.

ಗಣಿತಕ್ಕೆ ಒಂದೇ ಲೆಕ್ಕ ಸಾಕು: 52ರಲ್ಲಿ 27 ಕಳೆಯುವುದು. 25 ಬಂದರೆ ಸರಿ. 35 ಬರೆದ ಮಗು 2ರಲ್ಲಿ 7 ಹೋಗದೆಂದು ತಿರುಗಿಸಿ 7ರಲ್ಲಿ 2 ಕಳೆದಿದೆ. ಹತ್ತು, ಬಿಡಿ ಎಂದರೇನು ಎನ್ನುವುದು ಕಡ್ಡಿ ಕಟ್ಟುಗಳಲ್ಲಿ ಮುಟ್ಟಿ ಕಲಿಯದೆ ವಿಧಾನ ಮಾತ್ರ ನಕಲು ಮಾಡಿದಾಗ ಆಗುವ ತಪ್ಪು ಇದು. ನಾಲ್ವರಲ್ಲಿ ಮೂವರು 35 ಬರೆದರೆ ದೋಷ ಮಕ್ಕಳದ್ದಲ್ಲ.

ಆಗ ಶಿಕ್ಷಕರ ಮುಖ ನೋಡಿ. ತಪ್ಪಿದ ಮಗುವನ್ನು ಗದರಿಸಿದರೋ, ಪಕ್ಕದಲ್ಲಿ ಕೂತು ಮತ್ತೊಮ್ಮೆ ಮಾಡಿಸಿದರೋ? ನಿಮ್ಮ ಮಗು ತಪ್ಪಿದ ದಿನವೂ ಅಲ್ಲಿ ಅದೇ ನಡೆಯುತ್ತದೆ.

7. ಊಟ, ನೀರು, ಶೌಚಾಲಯ

ಬಿಸಿಯೂಟದ ಪ್ರಮಾಣ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ಕ್ಕೆ 150, 30, 75, 7.5 ಗ್ರಾಂ. ಅಂದರೆ ಕೆಳಗಿನ ತರಗತಿಗಳ 100 ಮಕ್ಕಳು ಉಣ್ಣುವ ದಿನ 5 ಕಿಲೋ ತರಕಾರಿ ಹೆಚ್ಚಬೇಕು. ಅಡುಗೆಮನೆಯಲ್ಲಿ ನಾಲ್ಕು ಟೊಮೆಟೊ, ಎರಡು ಆಲೂಗಡ್ಡೆ ಕಂಡರೆ ಕೇಳಿ. ಹಾಲು, ರಾಗಿ ಮಾಲ್ಟ್, ಮೊಟ್ಟೆ ಅಥವಾ ಬಾಳೆಹಣ್ಣು ಯಾವ ದಿನ ಕೊಡುತ್ತಾರೆ ಎನ್ನುವುದನ್ನು ಮಕ್ಕಳನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಉಂಡು ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಡುಗೆ ಹೊರಗಿನಿಂದ ವಾಹನದಲ್ಲಿ ಬರುವುದಾದರೆ ಡಬ್ಬಿ ತೆರೆದಾಗ ಹಬೆ ಏಳುತ್ತದೆಯೇ ನೋಡಿ.

ಶೌಚಾಲಯ ಇದೆಯೇ ಎಂದು ಕೇಳಬೇಡಿ, ಎಲ್ಲರೂ ಇದೆ ಎನ್ನುತ್ತಾರೆ. ಕಿರು ವಿರಾಮದ ಹೊತ್ತಿಗೆ ಹೋಗಿ ನಿಲ್ಲಿ. ಹೆಣ್ಣುಮಕ್ಕಳದಕ್ಕೆ ಬೀಗ ಬಿದ್ದಿದ್ದು ಕೀಲಿ ಆಫೀಸಿನಲ್ಲಿದ್ದರೆ ಅದು ಇಲ್ಲದಂತೆಯೇ. ಒಳಗೆ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿ. ಮಗುವಿಗೆ ನಡೆಯಲು, ನೋಡಲು, ಕೇಳಲು ತೊಂದರೆ ಇದ್ದರೆ ಇಳಿಜಾರು ದಾರಿ ಇದೆಯೇ ಎಂಬುದರ ಜೊತೆಗೆ, ವಲಯದ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರು ಆ ಶಾಲೆಗೆ ಕೊನೆಯ ಬಾರಿ ಬಂದದ್ದು ಯಾವಾಗ ಎಂದು ಕೇಳಿ.

8. ಇಂಗ್ಲಿಷ್ ಮಾಧ್ಯಮದ ಪ್ರಶ್ನೆ

2019-20ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು, ಆಮೇಲೆ ಇನ್ನಷ್ಟು ಶಾಲೆಗಳಿಗೆ ಬಂತು. ಅಂಥ ಶಾಲೆ ಪಟ್ಟಿಯಲ್ಲಿದ್ದರೆ ಮೂರೇ ಪ್ರಶ್ನೆ: ಆ ವಿಭಾಗಕ್ಕೆ ಪ್ರತ್ಯೇಕ ಶಿಕ್ಷಕರು ಇದ್ದಾರೆಯೇ, ಕನ್ನಡ ವಿಭಾಗದವರೇ ಎರಡೂ ನೋಡುತ್ತಾರೆಯೇ? ಅವರಿಗೆ ತರಬೇತಿ ಆಗಿದೆಯೇ? 6ನೇ ತರಗತಿಯ ನಂತರವೂ ಅದೇ ಮಾಧ್ಯಮ ಹತ್ತಿರದಲ್ಲಿ ಸಿಗುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬರದಿದ್ದರೆ ಕನ್ನಡ ಮಾಧ್ಯಮವೇ ಮೇಲು. ಅಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದ್ದೇ ಇದೆ. ಓದು ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಎರಡರಲ್ಲೂ ಅರ್ಧಂಬರ್ಧ ನಿಂತ ಮಗುವನ್ನು ಐದನೇ ತರಗತಿಯಲ್ಲಿ ಎತ್ತುವುದು ಬಹಳ ಕಷ್ಟ.

9. ಎಸ್‌ಡಿಎಂಸಿ

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಅಧ್ಯಕ್ಷರ ಜೊತೆ ಮಾತಾಡಿದರೆ ಸಾಲದು. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತ ತಾಯಂದಿರನ್ನು, "ಕಳೆದ ಮೀಟಿಂಗ್ ಯಾವಾಗ ಆಯ್ತು, ಏನು ಮಾತಾಡಿದರು?" ಎಂದು ಕೇಳಿ.

ಶಿಕ್ಷಕರ ಹುದ್ದೆ, ನಿಯೋಜನೆಯ ಬಗ್ಗೆ ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಬಿಇಒ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹತ್ತು ಪ್ರಶ್ನೆ ತುರುಕಿದ ಅರ್ಜಿ ವಾಪಸ್ ಬರುತ್ತದೆ.

10. ತೀರ್ಮಾನ, ದಾಖಲಾತಿ, ಮೊದಲ ತಿಂಗಳು

ಅಂಕ ಕೊಟ್ಟು ಕೂಡಿಸಬೇಡಿ. ಕೂಡಿಸಿದಾಗ ಹೊಸ ಕಂಪ್ಯೂಟರ್ ಕೊಠಡಿಯ ಅಂಕ ಬಂದು ಇಲ್ಲದ ಶಿಕ್ಷಕರ ಜಾಗ ಮುಚ್ಚಿಬಿಡುತ್ತದೆ. ಜರಡಿಯಂತೆ ಒಂದೊಂದೇ ಹಂತದಲ್ಲಿ ತೆಗೆಯಿರಿ: ದಾರಿ ಅಪಾಯವಾದದ್ದು ಮೊದಲು, ನಿಜವಾದ ಲೆಕ್ಕದಲ್ಲಿ ಒಬ್ಬ ಶಿಕ್ಷಕರಿಗೆ 40 ದಾಟಿದ್ದು ನಂತರ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದ್ದು ಆಮೇಲೆ. ಉಳಿದವುಗಳಲ್ಲಿ ಮಕ್ಕಳು ಎಲ್ಲಿ ಚೆನ್ನಾಗಿ ಓದಿದರೋ ಅಲ್ಲಿಗೆ ಹೋಗಿ. ಕಟ್ಟಡ ಹಳೆಯದಾದರೂ ಸೋರದಿದ್ದರೆ ಸರಿ.

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಆ ವರ್ಷಕ್ಕೆ ಸಡಿಲಿಕೆ ಇದೆಯೇ ಎಂದು ಬಿಇಒ ಕಚೇರಿಯಲ್ಲಿ ಕೇಳಿಕೊಳ್ಳಿ. ಜನನ ಪ್ರಮಾಣ ಪತ್ರ, ಮಗುವಿನ ಮತ್ತು ಪೋಷಕರ ಆಧಾರ್, ಜಾತಿ-ಆದಾಯ ಪ್ರಮಾಣ ಪತ್ರ, ಫೋಟೋ ಒಯ್ಯಿರಿ. ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇರಲಿ, ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ) ಒಮ್ಮೆ ತಪ್ಪಾಗಿ ಏರಿದ ಹೆಸರು ಎಸ್ಸೆಸ್ಸೆಲ್ಸಿವರೆಗೆ ಕಾಡುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ, ಪ್ರವೇಶ ಪರೀಕ್ಷೆ ಮಾಡುವಂತಿಲ್ಲ, ವಂತಿಗೆ ಕಡ್ಡಾಯ ಎನ್ನುವಂತಿಲ್ಲ. ಇವು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇವೆ.

ಸೇರಿಸಿ ನಾಲ್ಕು ವಾರವಾದ ಮೇಲೆ ಮೂರು ವಿಷಯ ನೋಡಿ: ನಿಮಗೆ ಹೇಳಿದ ಶಿಕ್ಷಕರೇ ಪಾಠ ಮಾಡುತ್ತಿದ್ದಾರೆಯೇ, ಮಗು ದಿನಾ ಊಟ ಮಾಡುತ್ತಿದೆಯೇ, ಬೆಳಿಗ್ಗೆ ಹೊರಡಲು ಅಳುವುದು ಕಡಿಮೆಯಾಗಿದೆಯೇ. ಶಿಕ್ಷಕರು ಬದಲಾಗಿದ್ದರೆ ಮೊದಲು ಮುಖ್ಯ ಶಿಕ್ಷಕರು, ನಂತರ ಸಿಆರ್‌ಪಿ, ಆಮೇಲೆ ಬಿಇಒ, ಈ ಕ್ರಮದಲ್ಲಿ ಬರವಣಿಗೆಯಲ್ಲೇ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಬದಲಿಸಲೇಬೇಕಾದರೆ ಟಿಸಿ ಕೇಳಿದ ಕೂಡಲೇ ಕೊಡಬೇಕೆಂದು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಕಾಯಿಸುವಂತಿಲ್ಲ. ಹಾಗಾಗಿ ನೋಟ್‌ಬುಕ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದ ಶಾಲೆಯ ನಾಲ್ಕು ಪುಟಗಳನ್ನು ದಸರೆವರೆಗೆ ಹರಿದು ಹಾಕಬೇಡಿ.